ಕೆಲಸದ ದಿನಗಳ ರಾತ್ರಿ ಅಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಅಡುಗೆಯ ಕಷ್ಟವೆಲ್ಲ ಶುರುವಾಗುವುದು ಸಂಜೆ ಮನೆಗೆ ಬಂದು 'ಇವತ್ತು ಏನು ಮಾಡೋದು' ಎಂದು ಯೋಚಿಸತೊಡಗಿದಾಗ. ಆ ಹೊತ್ತಿಗೆ ದಣಿವೂ ಹಸಿವೂ ಜೊತೆಗಿರುತ್ತವೆ, ಕಾಳು ನೆನೆದಿರುವುದಿಲ್ಲ, ಸೊಪ್ಪು ಬಾಡಿರುತ್ತದೆ. ಯೋಚಿಸುವ ಕೆಲಸವನ್ನೂ ಹೊತ್ತು ತಿನ್ನುವ ಕೆಲಸವನ್ನೂ ಆ ಗಂಟೆಯಿಂದ ಆಚೆಗೆ ಸರಿಸುವುದು ಹೇಗೆ ಎಂಬುದೇ ಇಲ್ಲಿನ ಉತ್ತರಗಳ ಗುರಿ. ಅಳತೆಗಳನ್ನು ಇಬ್ಬರು ದೊಡ್ಡವರು, ಇಬ್ಬರು ಚಿಕ್ಕ ಮಕ್ಕಳಿರುವ ಮನೆಗೆ ಕೊಟ್ಟಿದ್ದೇವೆ. ನಿಮ್ಮ ಮನೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಯೋಜನೆ ಎಲ್ಲಿಂದ ಶುರು ಮಾಡಬೇಕು?

ಯಾವ ಅಡುಗೆ ಎಂದು ಮೊದಲೇ ಯೋಚಿಸಬೇಡಿ. ಮುಂದಿನ ಐದು ಸಂಜೆಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಎರಡು ವಿಷಯ ಬರೆಯಿರಿ: ಒಲೆ ಹಚ್ಚುವವರು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ಊಟಕ್ಕೆ ಎಷ್ಟು ಹೊತ್ತಿಗೆ ಕೂರಬೇಕು. ಇವೆರಡರ ನಡುವಿನ ಅಂತರದಿಂದ 15 ನಿಮಿಷ ಕಳೆಯಿರಿ. ಬಟ್ಟೆ ಬದಲಿಸಿ ಕೈಕಾಲು ತೊಳೆದು ಬರುವುದರೊಳಗೆ ಅಷ್ಟು ಹೊತ್ತು ಹೋಗಿಯೇ ಹೋಗುತ್ತದೆ. ಉಳಿದದ್ದು ನಿಜವಾಗಿ ಅಡುಗೆಗೆ ಸಿಗುವ ಸಮಯ. ಒಂದು ಸಂಜೆ 45 ನಿಮಿಷ, ಮತ್ತೊಂದು ಸಂಜೆ ಬರೀ 20 ನಿಮಿಷ ಎಂದು ಕಣ್ಣೆದುರಿಗೆ ಬಂದರೆ ಅರ್ಧ ನಿರ್ಧಾರ ಆದಂತೆ.

ಆಮೇಲೆ ಫ್ರಿಜ್ ಮತ್ತು ತರಕಾರಿ ಬುಟ್ಟಿ ನೋಡಿ, ಎರಡು ದಿನದಲ್ಲಿ ಕೆಡುವಂಥವು ಯಾವುವು ಎಂದು ಪಟ್ಟಿ ಮಾಡಿ. ಮೊದಲ ಎರಡು ರಾತ್ರಿಯ ಅಡುಗೆಯನ್ನು ಅವೇ ತೀರ್ಮಾನಿಸಲಿ. ಏನು ಕೊಳ್ಳಬೇಕು ಎಂಬ ಪಟ್ಟಿ ಇದೆಲ್ಲ ಆದ ಮೇಲೆ. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಮನೆಯಲ್ಲಿ ಅರ್ಧ ಎಲೆಕೋಸು ಇರುವಾಗಲೇ ಇನ್ನೊಂದು ಎಲೆಕೋಸು ಬರುವುದು ಹೀಗೆ.

ಐದು ರಾತ್ರಿಗೆ ಐದು ಅಡುಗೆ ಯೋಚಿಸಬೇಕಾ?

ಬೇಡ. ಮೂರು ರಾತ್ರಿ ಹೊಸದಾಗಿ ಮಾಡಿ, ಒಂದು ರಾತ್ರಿ ಮೊದಲೇ ಮಾಡಿದ್ದರ ಮರುಬಳಕೆ, ಒಂದು ರಾತ್ರಿ ಖಾಲಿ. ಆ ಖಾಲಿ ರಾತ್ರಿ ತುಂಬ ಮುಖ್ಯ. ಕೆಲಸ ತಡವಾಗುತ್ತದೆ, ಮಗುವಿಗೆ ಜ್ವರ ಬರುತ್ತದೆ, ಯಾರೋ ಊಟಕ್ಕೆ ಕರೆಯುತ್ತಾರೆ. ಐದಕ್ಕೆ ಐದೂ ತುಂಬಿಸಿದ ಯೋಜನೆ ಮೊದಲ ಅಡಚಣೆಗೇ ಮುರಿದು ಬೀಳುತ್ತದೆ, ಅದರ ಜೊತೆಗೆ ಕೊಂಡ ತರಕಾರಿಯೂ ಹಾಳಾಗುತ್ತದೆ. ಏನೂ ಅಡ್ಡಿ ಬಾರದಿದ್ದರೆ ಆ ರಾತ್ರಿ ಫ್ರಿಜ್‌ನಲ್ಲಿ ಚೂರುಪಾರು ಉಳಿದದ್ದನ್ನೆಲ್ಲ ಸೇರಿಸಿ ಮಾಡಿ ಮುಗಿಸಿ.

ಪ್ರತಿ ವಾರ ಹೊಸದಾಗಿ ಯೋಚಿಸಿ ಸಾಕಾಗುತ್ತದೆ. ಸುಲಭದ ದಾರಿ ಇದೆಯೇ?

ಅಡುಗೆಯ ಹೆಸರಿನ ಬದಲು ಅಡುಗೆಯ ಬಗೆಯನ್ನು ದಿನಕ್ಕೆ ಕಟ್ಟಿಹಾಕಿ. ಒಂದು ದಿನ ಕಾಳು, ಒಂದು ದಿನ ಮೊಟ್ಟೆ, ಒಂದು ದಿನ ಎಲ್ಲ ಸೇರಿಸಿ ಒಂದೇ ಪಾತ್ರೆಯಲ್ಲಿ ಬೇಯಿಸುವ ಅನ್ನ ಅಥವಾ ಪಾಸ್ತಾ, ಒಂದು ದಿನ ಬೇಳೆ ಮತ್ತು ಸೊಪ್ಪು. 'ಇವತ್ತು ಮೊಟ್ಟೆಯ ದಿನ' ಎಂದು ಗೊತ್ತಿದ್ದರೆ ಮನೆಯಲ್ಲಿ ಯಾವ ತರಕಾರಿ ಇದೆಯೋ ಅದರ ಜೊತೆ ಸೇರಿಸಿದರಾಯಿತು. ಬಗೆ ಅದೇ ಇದ್ದರೂ ತರಕಾರಿ, ಮಸಾಲೆ, ಹುಳಿ ಬದಲಾಗುವುದರಿಂದ ತಿನ್ನುವವರಿಗೆ ಅದೇ ಅದೇ ಎನಿಸುವುದಿಲ್ಲ.

ತಲೆಗೆ ಎಷ್ಟು ಅಳತೆ ಇಟ್ಟುಕೊಳ್ಳಬೇಕು?

ದೊಡ್ಡವರಿಗೆ ಅಕ್ಕಿ 75 ಗ್ರಾಂ, ಅಥವಾ ಒಣ ಪಾಸ್ತಾ 80ರಿಂದ 100 ಗ್ರಾಂ. ಒಣ ಕಾಳು ಅಥವಾ ಬೇಳೆ 50 ಗ್ರಾಂ. ತರಕಾರಿ 150ರಿಂದ 200 ಗ್ರಾಂ. ಚಿಕ್ಕ ಮಕ್ಕಳಿಗೆ ಇದರ ಅರ್ಧದಿಂದ ಮೂರನೇ ಎರಡು ಭಾಗ. ಈ ಲೆಕ್ಕದಲ್ಲಿ ನಾಲ್ವರ ಮನೆಗೆ ಒಂದು ರಾತ್ರಿಗೆ ಸುಮಾರು 240 ಗ್ರಾಂ ಅಕ್ಕಿ ಸಾಕು. ಬೆಂದಾಗ ಅದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ.

ಕಣ್ಣಳತೆ ತಪ್ಪುವುದು ಹೆಚ್ಚಾಗಿ ಅಕ್ಕಿಯಲ್ಲಿ, ಪಾಸ್ತಾದಲ್ಲಿ. ಮೊದಲ ಕೆಲವು ವಾರ ಸಣ್ಣ ತಕ್ಕಡಿಯಲ್ಲಿ ತೂಗಿ, ನಿಮ್ಮ ಮನೆಯ ಯಾವ ಲೋಟಕ್ಕೆ ಎಷ್ಟು ಹಿಡಿಯುತ್ತದೆ ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ತಕ್ಕಡಿ ಬೇಕಾಗದು.

ಖರ್ಚು ನಿಜವಾಗಿ ಎಲ್ಲಿ ಉಳಿಯುತ್ತದೆ?

ಮೊದಲನೆಯದು, ಎಸೆಯದೆ ಇರುವುದರಲ್ಲಿ. ಕಡಿಮೆ ಬೆಲೆಗೆ ತಂದು ಕೊಳೆಸಿದ ತರಕಾರಿಗಿಂತ ದುಬಾರಿಯಾದದ್ದು ಬೇರೆ ಇಲ್ಲ. ವಾರದ ಕೊನೆಯಲ್ಲಿ ಏನು ಎಸೆದಿರಿ ಎಂದು ಬರೆದಿಡಿ. ನಾಲ್ಕು ವಾರದಲ್ಲಿ ಅದೇ ಎರಡು ಮೂರು ಸಾಮಾನು ಮತ್ತೆ ಮತ್ತೆ ಪಟ್ಟಿಯಲ್ಲಿ ಕಾಣುತ್ತವೆ. ಅವನ್ನು ಅರ್ಧಕ್ಕೆ ಇಳಿಸಿ, ಅಥವಾ ಕೊಳ್ಳುವುದನ್ನೇ ಬಿಡಿ.

ಎರಡನೆಯದು, ತಿನ್ನಲು ಬರುವ ಭಾಗದ ಲೆಕ್ಕ. ಸಿಪ್ಪೆ ಸಹಿತ ಹಸಿ ಬಟಾಣಿ ಬಿಡಿಸಿದರೆ ಕೈಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಹಾಗಾಗಿ ಫ್ರೋಜನ್ ಬಟಾಣಿಯ ಬೆಲೆ ಕಿಲೋಗೆ ಎರಡು ಪಟ್ಟಿದ್ದರೂ ನಷ್ಟವಿಲ್ಲ, ಬಿಡಿಸುವ ಹೊತ್ತೂ ಉಳಿಯಿತು. ಎಲೆಕೋಸು, ಕ್ಯಾರೆಟ್, ಕುಂಬಳಕಾಯಿಯಲ್ಲಿ ಬಿಸಾಡುವುದು ಕಡಿಮೆ. ಎಲುಬಿನ ಸಹಿತ ಕೋಳಿ ಮತ್ತು ಎಲುಬಿಲ್ಲದ ಕೋಳಿಯ ಬೆಲೆ ಹೋಲಿಸುವಾಗಲೂ ಇದೇ ಲೆಕ್ಕ ಹಾಕಬೇಕು. ಎಲುಬನ್ನು ಕುದಿಸಿ ರಸ ತೆಗೆಯುವ ಅಭ್ಯಾಸವಿದ್ದರೆ ಎಲುಬಿನದ್ದು ಹೆಚ್ಚು ಲಾಭ.

ಮೂರನೆಯದು ಪ್ರೋಟೀನ್. ಊಟದ ಖರ್ಚನ್ನು ಏರಿಸುವುದು ಬಹುಮಟ್ಟಿಗೆ ಅದೇ. 50 ಗ್ರಾಂ ಒಣ ಕಾಳಿನಲ್ಲಿ 10ರಿಂದ 12 ಗ್ರಾಂ ಪ್ರೋಟೀನ್ ಇರುತ್ತದೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 30 ಗ್ರಾಂ ಒಣ ಸೋಯಾ ತುಂಡುಗಳಲ್ಲಿ ಸುಮಾರು 15 ಗ್ರಾಂ. ವಾರದಲ್ಲಿ ಎರಡು ಮೂರು ರಾತ್ರಿ ಇವುಗಳ ಮೇಲೆ ನಿಂತರೆ ಉಳಿದ ರಾತ್ರಿಗಳಲ್ಲಿ ಕೈ ಬಿಚ್ಚಿ ಖರ್ಚು ಮಾಡಬಹುದು. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ, ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿ ಹೇರಳವಾಗಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಎರಡೂ ಒಂದೇ ತಟ್ಟೆಯಲ್ಲೇ ಇರಬೇಕೆಂದಿಲ್ಲ, ಒಂದೇ ದಿನದ ಊಟದಲ್ಲಿ ಬಂದರೆ ಸಾಕು.

ದೊಡ್ಡ ಚೀಲದಲ್ಲಿ ಕೊಂಡರೆ ಅಗ್ಗ ಎಂಬ ಮಾತು ಅಕ್ಕಿ, ಬೇಳೆ, ಉಪ್ಪಿಗೆ ಸರಿ. ಪುಡಿ ಮಾಡಿದ ಮಸಾಲೆಗೆ ಸರಿಯಲ್ಲ, ತಿಂಗಳುಗಳು ಉರುಳಿದಂತೆ ಅದರ ಘಮ ಇಳಿಯುತ್ತದೆ. ಎಣ್ಣೆಯನ್ನೂ ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ.

ರಜೆಯ ದಿನ ಇಡೀ ಅಡುಗೆಮನೆಯಲ್ಲೇ ಕಳೆಯಬೇಕಾ?

90 ನಿಮಿಷ ಸಾಕು, ಆದರೆ ಕೆಲಸದ ಅನುಕ್ರಮ ಸರಿಯಿರಬೇಕು. ಹಿಂದಿನ ರಾತ್ರಿಯೇ ಕಾಳು ನೆನೆಸಿಡಿ. ಶುರು ಮಾಡಿದ ತಕ್ಷಣ ಅದನ್ನು ಕುಕ್ಕರಿಗೆ ಹಾಕಿ. ಅದು ಬೇಯುವಾಗ ಈರುಳ್ಳಿ ಹೆಚ್ಚಿ ಅಗಲ ಬಾಣಲೆಯಲ್ಲಿ ಹುರಿಯಲು ಇಡಿ. ಈರುಳ್ಳಿಯನ್ನು ಆಗಾಗ ಕೈಯಾಡಿಸುತ್ತಲೇ ಕ್ಯಾರೆಟ್, ಎಲೆಕೋಸು ಹೆಚ್ಚಿ ಡಬ್ಬಿಗೆ ತುಂಬಿ. ಕೊನೆಯ 20 ನಿಮಿಷದಲ್ಲಿ ಸೊಪ್ಪು ಆರಿಸಿ, ಮೊಟ್ಟೆ ಬೇಯಿಸಿ, ಎಲ್ಲವನ್ನೂ ತಣ್ಣಗಾಗಿಸಿ ಒಳಗಿಡಿ.

ಇಲ್ಲಿ ನಮ್ಮದೊಂದು ಗಟ್ಟಿ ಅಭಿಪ್ರಾಯ ಇದೆ: ಪೂರ್ತಿ ಅಡುಗೆ ಮಾಡಿಡಬೇಡಿ, ಅಡುಗೆಯ ಭಾಗಗಳನ್ನು ಮಾಡಿಡಿ. ಐದು ದಿನದ ಊಟವನ್ನು ಒಮ್ಮೆಗೇ ಮಾಡಿಟ್ಟರೆ ಮೂರನೇ ದಿನಕ್ಕೆ ಅದು ಯಾರಿಗೂ ಬೇಡವಾಗುತ್ತದೆ, ನಾಲ್ಕನೇ ದಿನದ ನಂತರ ತಿನ್ನುವುದು ಸುರಕ್ಷಿತವೂ ಅಲ್ಲ. ಬೆಂದ ಕಾಳು, ಹುರಿದ ಈರುಳ್ಳಿ-ಟೊಮೆಟೊ, ಹೆಚ್ಚಿದ ತರಕಾರಿ ಇವು ಬೇರೆ ಬೇರೆಯಾಗಿದ್ದರೆ ಯಾವ ದಿಕ್ಕಿಗಾದರೂ ತಿರುಗಿಸಬಹುದು, ಬಡಿಸುವಾಗ ಊಟ ಆಗಷ್ಟೇ ಮಾಡಿದ್ದಾಗಿಯೂ ಇರುತ್ತದೆ.

ಈರುಳ್ಳಿ-ಟೊಮೆಟೊ ಬುನಾದಿ ಮಾಡುವುದು ಹೇಗೆ?

1 ಕೆ.ಜಿ. ಈರುಳ್ಳಿ, 750 ಗ್ರಾಂ ಟೊಮೆಟೊ, ಶುಂಠಿ ಬೆಳ್ಳುಳ್ಳಿ ಸೇರಿ 60 ಗ್ರಾಂ, 120 ಮಿ.ಲೀ. ಎಣ್ಣೆ. ಈರುಳ್ಳಿಗೆ ಒಂದು ಟೀ ಚಮಚ ಉಪ್ಪು ಹಾಕಿ ಮೊದಲ 10 ನಿಮಿಷ ಮುಚ್ಚಿ ಬೇಯಿಸಿ. ಉಪ್ಪು ನೀರು ಬಿಡಿಸಿ ಬೇಗ ಮೆತ್ತಗಾಗಿಸುತ್ತದೆ. ಆಮೇಲೆ ಮುಚ್ಚಳ ತೆಗೆದು ಹೊಂಬಣ್ಣ ಬರುವವರೆಗೆ 20ರಿಂದ 25 ನಿಮಿಷ ಹುರಿಯಿರಿ. ತಳ ಹಿಡಿಯತೊಡಗಿದರೆ ಎರಡು ಚಮಚ ನೀರು ಚಿಮುಕಿಸಿ ಕೆರೆದು ಬಿಡಿಸಿ. ಶುಂಠಿ ಬೆಳ್ಳುಳ್ಳಿ ಹಾಕಿ ಎರಡು ನಿಮಿಷ, ನಂತರ ಟೊಮೆಟೊ ಹಾಕಿ ನೀರಿನಂಶ ಆರಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸಿ. ಕೊನೆಗೆ ಸುಮಾರು 800 ಗ್ರಾಂ ಉಳಿಯುತ್ತದೆ. ಒಂದು ರಾತ್ರಿಗೆ 200 ಗ್ರಾಂನಂತೆ ನಾಲ್ಕು ಭಾಗ ಮಾಡಿ, ಎರಡನ್ನು ಫ್ರಿಜ್‌ನಲ್ಲಿ, ಎರಡನ್ನು ಫ್ರೀಜರ್‌ನಲ್ಲಿ ಇಡಿ.

ಟೊಮೆಟೊವನ್ನು ಅವಸರಪಟ್ಟು ಮೊದಲೇ ಹಾಕಬೇಡಿ. ಅದರ ನೀರು ಮತ್ತು ಹುಳಿ ಎರಡೂ ಈರುಳ್ಳಿ ಕಂದುವುದನ್ನು ತಡೆಯುತ್ತವೆ, ಹಸಿ ವಾಸನೆ ಕೊನೆಯವರೆಗೂ ಉಳಿದುಬಿಡುತ್ತದೆ. ಮಸಾಲೆ ಪುಡಿಯನ್ನು ಈ ಹಂತದಲ್ಲಿ ಸೇರಿಸಬೇಡಿ. ಸೇರಿಸಿದರೆ ನಾಲ್ಕೂ ರಾತ್ರಿಯ ಊಟಕ್ಕೆ ಒಂದೇ ರುಚಿ ಬರುತ್ತದೆ. ಇನ್ನೊಂದು ಎಚ್ಚರ: ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಅಭ್ಯಾಸ ಅಪಾಯಕಾರಿ. ಗಾಳಿಯಿಲ್ಲದ ಆ ಎಣ್ಣೆಯೊಳಗೆ ಬಾಟ್ಯುಲಿಸಮ್ ಎಂಬ ಗಂಭೀರ ವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಿಂದ ಅದು ಗೊತ್ತಾಗುವುದಿಲ್ಲ.

ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಏಕೆ?

ಮೂರು ಕಾರಣಗಳಲ್ಲಿ ಒಂದಿರುತ್ತದೆ. ಕಾಳು ಹಳೆಯದು: ಬಿಸಿಯಾದ, ತೇವವಿರುವ ಜಾಗದಲ್ಲಿ ಬಹುಕಾಲ ಇದ್ದ ಕಾಳು ಒಳಗೇ ಬಿರುಸಾಗುತ್ತದೆ. ನೀರು ಗಡುಸು: ಅದರಲ್ಲಿನ ಕ್ಯಾಲ್ಸಿಯಂ ಕಾಳಿನ ಕೋಶಗಳನ್ನು ಅಂಟಿಸಿ ಹಿಡಿದಿಡುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಯಾಗಿಸುತ್ತದೆ. ಅಥವಾ ಹುಳಿ ಬೇಗ ಬಿತ್ತು: ಟೊಮೆಟೊ, ನಿಂಬೆ, ಹುಣಸೆ ಯಾವುದೇ ಹುಳಿಯನ್ನು ಕಾಳು ಪೂರ್ತಿ ಬೆಂದ ಮೇಲೆ ಮಾತ್ರ ಹಾಕಬೇಕು.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬುದು ನಿಜವಲ್ಲ. ನೆನೆಸುವ ನೀರಿಗೆ ಲೀಟರಿಗೆ ಎರಡು ಟೀ ಚಮಚ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗಿ ಕಾಳು ಒಡೆಯದೆ ಸಮವಾಗಿ ಬೇಯುತ್ತದೆ. 8 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಗಡುಸು ನೀರಿನ ಊರಾದರೆ ಅರ್ಧ ಕಿಲೋ ಕಾಳಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ವಿಟಮಿನ್ ಕೂಡ ನಾಶವಾಗುತ್ತದೆ.

ನೆನೆದ ಕಡಲೆಕಾಳಿಗೆ ಕುಕ್ಕರಿನಲ್ಲಿ ಒತ್ತಡ ಬಂದ ಮೇಲೆ 15ರಿಂದ 20 ನಿಮಿಷ ಬೇಕು. ಸೀಟಿ ಎಣಿಸುವ ಬದಲು ಗಡಿಯಾರ ನೋಡಿ. ಉರಿ ಜೋರಾಗಿದ್ದರೆ ಸೀಟಿ ಬೇಗ ಬೇಗ ಬರುತ್ತದೆ, ಕಾಳು ಬೇಯುವ ಹೊತ್ತು ಅದರಿಂದ ಕಡಿಮೆಯಾಗುವುದಿಲ್ಲ. ನೀರೂ ಕಾಳೂ ಸೇರಿ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನೊರೆ ಉಕ್ಕಿ ಆವಿ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ.

ರಾಜ್ಮಾ ವಿಚಾರ ಪ್ರತ್ಯೇಕವಾಗಿ ನೆನಪಿಡಿ. ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಸರಿಯಾಗಿ ಬೇಯದ ಕೆಲವೇ ಕಾಳು ತಿಂದರೂ ಒಂದೆರಡು ಗಂಟೆಯಲ್ಲಿ ಜೋರು ವಾಂತಿ, ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಬೇಕು. ಕುಕ್ಕರಿನಲ್ಲಿ ಪೂರ್ತಿ ಮೆತ್ತಗೆ ಬೆಂದರೆ ಸಮಸ್ಯೆಯಿಲ್ಲ. ನಿಧಾನವಾಗಿ ಬೇಯಿಸುವ ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ನೇರವಾಗಿ ಹಾಕಲೇಬೇಡಿ. ಕುದಿಯುವ ಮಟ್ಟ ಮುಟ್ಟದ ಬಿಸಿಯಲ್ಲಿ ವಿಷ ಉಳಿದುಬಿಡುತ್ತದೆ.

ಒಮ್ಮೆ ಬೇಯಿಸಿದ ಕಾಳನ್ನು ಎಷ್ಟು ರಾತ್ರಿಗೆ ಬಳಸಬಹುದು?

500 ಗ್ರಾಂ ಒಣ ಕಾಳು ಬೆಂದ ಮೇಲೆ ಸುಮಾರು 1.1ರಿಂದ 1.25 ಕೆ.ಜಿ. ಆಗುತ್ತದೆ. ನಾಲ್ವರ ಮನೆಗೆ ಮೂರು ರಾತ್ರಿ. ಮೊದಲ ರಾತ್ರಿ 200 ಗ್ರಾಂ ಬುನಾದಿಗೆ ಮಸಾಲೆ ಸೇರಿಸಿ, ಕಾಳು ಮತ್ತು ಅದು ಬೆಂದ ನೀರು ಹಾಕಿ, ಕಾಲು ಭಾಗ ಕಾಳನ್ನು ಸೌಟಿನಿಂದ ಜಜ್ಜಿ ಕುದಿಸಿದರೆ ಗಟ್ಟಿ ಗ್ರೇವಿ. ಹಿಟ್ಟು, ಕೆನೆ ಏನೂ ಬೇಡ, ಜಜ್ಜಿದ ಕಾಳೇ ದಪ್ಪ ಕೊಡುತ್ತದೆ. ಎರಡು ದಿನ ಬಿಟ್ಟು ಅದೇ ಕಾಳನ್ನು ನೀರು ಬಸಿದು, ಒರೆಸಿ, ಬಿಸಿ ಎಣ್ಣೆಯಲ್ಲಿ ಗರಿಯಾಗಿಸಿ, ಹೆಚ್ಚಿದ ಎಲೆಕೋಸು ಕ್ಯಾರೆಟ್ ಜೊತೆ ಬೆರೆಸಿ ನಿಂಬೆ ಹಿಂಡಿ. ಮೂರನೇ ಭಾಗ ಫ್ರೀಜರಿಗೆ ಹೋಗಲಿ. ಮುಂದಿನ ವಾರ ಕುದಿಯುವ ಸೂಪಿಗೋ ಒಂದೇ ಪಾತ್ರೆಯ ಅನ್ನಕ್ಕೋ ಹೆಪ್ಪುಗಟ್ಟಿದ್ದನ್ನೇ ನೇರ ಹಾಕಬಹುದು.

ಉಳಿದ ಅನ್ನ ಮರುದಿನ ತಿನ್ನಬಹುದೇ?

ತಿನ್ನಬಹುದು, ಆದರೆ ಅದನ್ನು ಹೇಗೆ ತಣ್ಣಗಾಗಿಸಿದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಅವು ಕುದಿತಕ್ಕೆ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 'ಚೆನ್ನಾಗಿ ಬಿಸಿ ಮಾಡಿದರೆ ಆಯಿತು' ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಹಾಗಾಗಿ ಉಳಿಯುತ್ತದೆ ಎಂದು ಗೊತ್ತಿರುವ ಅನ್ನವನ್ನು ಊಟಕ್ಕೆ ಕೂರುವ ಮೊದಲೇ ಬೇರೆ ತೆಗೆಯಿರಿ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಆವಿ ಹೋದ ಮೇಲೆ ಮುಚ್ಚಿ ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡಿ, ಮರುದಿನದೊಳಗೆ ಮುಗಿಸಿ. ರಾತ್ರಿಯಿಡೀ ಕುಕ್ಕರಿನಲ್ಲೇ ಉಳಿದ ಅನ್ನವನ್ನು ಎಷ್ಟೇ ಮನಸ್ಸಿಗೆ ಬೇಸರವಾದರೂ ಎಸೆಯಿರಿ. ಫ್ರಿಜ್‌ನ ಅನ್ನ ಗಟ್ಟಿಯಾಗುವುದು ಪಿಷ್ಟ ಮರಳಿ ಬಿಗಿಯುವುದರಿಂದ, ಕೆಟ್ಟದ್ದರಿಂದ ಅಲ್ಲ. ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿದರೆ ಮೆತ್ತಗಾಗುತ್ತದೆ; ಹುರಿಯುವುದಾದರೆ ಆ ಬಿಗುವೇ ಒಳ್ಳೆಯದು, ಅಗುಳು ಅಂಟುವುದಿಲ್ಲ.

ಬೇರೆ ಅಡುಗೆ ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತದೆ?

ಮೂರರಿಂದ ನಾಲ್ಕು ದಿನ, ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ. ಗುಂಡಿಯ ಮೇಲಿನ ಅಂಕಿ ತಾಪಮಾನ ಅಲ್ಲ. ಒಳಗೊಂದು ಚಿಕ್ಕ ಥರ್ಮಾಮೀಟರ್ ಇಟ್ಟು ನೋಡಿ. ಬೆಂದ ಆಹಾರ 5ರಿಂದ 60 ಡಿಗ್ರಿ ನಡುವೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು, ಕೋಣೆಯ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. 5 ಸೆಂ.ಮೀ.ಗಿಂತ ಆಳವಿಲ್ಲದ ಡಬ್ಬಿಗಳಿಗೆ ಹಂಚಿ. ಅವಸರವಿದ್ದರೆ ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಕೈಯಾಡಿಸಿ. ಬಿಸಿ ಮಾಡುವಾಗ ತಿನ್ನುವಷ್ಟನ್ನೇ ಹೊರತೆಗೆದು, ನಡುವಿನಲ್ಲೂ 74 ಡಿಗ್ರಿ ಮುಟ್ಟುವಂತೆ, ಅಂದರೆ ಎಲ್ಲ ಕಡೆ ಹೊಗೆಯಾಡುವಷ್ಟು ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಾದರೆ ನಡುವೆ ಒಮ್ಮೆ ಕಲಸಲೇಬೇಕು. ಅಲ್ಲಲ್ಲಿ ತಣ್ಣಗೆ ಉಳಿಯುತ್ತದೆ.

ಫ್ರೀಜರ್‌ಗೆ ಏನು ಇಡಬಹುದು, ಏನು ಬೇಡ?

ಬೆಂದ ಕಾಳು, ಗ್ರೇವಿ, ಸೂಪು, ಬೇಳೆ, ಬೆಂದ ಅನ್ನ, ರೊಟ್ಟಿ ಎಲ್ಲ ಚೆನ್ನಾಗಿರುತ್ತವೆ. ಆಲೂಗಡ್ಡೆ ತುಂಡುಗಳು ಕರಗಿದಾಗ ನೀರು ಬಿಟ್ಟು ಮರಳುಮರಳಾಗುತ್ತವೆ, ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಿನಂತಾಗುತ್ತದೆ, ಮೊಸರು ಕೆನೆ ಹಾಕಿದ ಗ್ರೇವಿ ಒಡೆಯುತ್ತದೆ. ಇಂಥವನ್ನು ಫ್ರೀಜರಿಗೆ ಹಾಕದೆ, ಉಳಿದ ಅಡುಗೆಯನ್ನು ಬಿಸಿ ಮಾಡಿದ ಮೇಲೆ ಸೇರಿಸಿ.

ಹಸಿ ತರಕಾರಿ ಇಡುವುದಾದರೆ ಮೊದಲು ಕುದಿನೀರಿನಲ್ಲಿ ಅದ್ದಬೇಕು: ಬಟಾಣಿ ಒಂದೂವರೆ ನಿಮಿಷ, ಹೆಚ್ಚಿದ ಕ್ಯಾರೆಟ್ ಎರಡು ನಿಮಿಷ, ಬೀನ್ಸ್ ಮೂರು ನಿಮಿಷ. ತಕ್ಷಣ ತಣ್ಣೀರಿಗೆ ಹಾಕಿ, ಬಸಿದು, ಒರೆಸಿ ಇಡಿ. ಈ ಕೆಲಸ ಬಿಟ್ಟರೆ ತರಕಾರಿಯೊಳಗೆ ರಾಸಾಯನಿಕ ಬದಲಾವಣೆ ತರುವ ಎನ್‌ಜೈಮುಗಳು ಹೆಪ್ಪಿನಲ್ಲೂ ಕೆಲಸ ಮುಂದುವರಿಸಿ ಬಣ್ಣ, ರುಚಿ ಕೆಡಿಸುತ್ತವೆ.

ಚೀಲದಲ್ಲಿ ಎರಡು ಸೆಂ.ಮೀ. ದಪ್ಪಕ್ಕೆ ಚಪ್ಪಟೆಯಾಗಿ ಒತ್ತಿ ಹೆಪ್ಪುಗಟ್ಟಿಸಿ. ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ, ಪುಸ್ತಕದಂತೆ ಸಾಲಾಗಿ ನಿಲ್ಲಿಸಲೂ ಬರುತ್ತದೆ. ಹೆಸರು, ದಿನಾಂಕ, ಎಷ್ಟು ಜನಕ್ಕೆ ಎಂಬುದನ್ನು ತುಂಬುವ ಮೊದಲೇ ಬರೆಯಿರಿ, ತಣ್ಣಗಾದ ಚೀಲದ ಮೇಲೆ ಶಾಯಿ ಹಿಡಿಯದು. −18 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ರುಚಿ ಚೆನ್ನಾಗಿರುತ್ತದೆ. ಕರಗಿಸಲು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಹಾಳೆಯಲ್ಲಿ ಆ ರಾತ್ರಿಯ ಎದುರಿಗೆ 'ಚೀಲ ಇಳಿಸುವುದು' ಎಂದು ಬರೆದಿಡುವುದನ್ನು ಮರೆಯಬೇಡಿ, ಯೋಜನೆ ಮುರಿಯುವುದು ಹೆಚ್ಚಾಗಿ ಇಷ್ಟು ಚಿಕ್ಕ ವಿಷಯಕ್ಕೇ.

ತರಕಾರಿ ವಾರಪೂರ್ತಿ ಬಾಳಿಕೆ ಬರುವುದಿಲ್ಲ. ಏನು ಮಾಡಬೇಕು?

ಬಾಡುವ ಅನುಕ್ರಮದಲ್ಲಿ ಅಡುಗೆ ಮಾಡಿ. ಸೊಪ್ಪು, ಅಣಬೆ, ಮಾಗಿದ ಟೊಮೆಟೊ ಮೊದಲ ಎರಡು ರಾತ್ರಿ. ಬೀನ್ಸ್, ಹೂಕೋಸು, ಬದನೆ ನಡುವೆ. ಎಲೆಕೋಸು, ಕ್ಯಾರೆಟ್, ಕುಂಬಳ, ಆಲೂಗಡ್ಡೆ ಕೊನೆಗೆ.

ಸೊಪ್ಪನ್ನು ತೊಳೆಯದೆ, ಬೇರು ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ತೊಳೆದೇ ಇಡಬೇಕೆಂದರೆ ಒಂದು ಹನಿಯೂ ಉಳಿಯದಂತೆ ಒಣಗಿಸಿ. ಎಲೆಗಳ ನಡುವೆ ನಿಂತ ನೀರೇ ಕೊಳೆಸುವುದು. ಬಾಳೆಹಣ್ಣು, ಸೇಬು, ಮಾಗಿದ ಟೊಮೆಟೊ ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಬೇಗ ಹಳದಿಯಾಗಿಸುತ್ತದೆ, ದೂರ ಇಡಿ. ಆಲೂಗಡ್ಡೆ ಈರುಳ್ಳಿ ಒಂದೇ ಬುಟ್ಟಿಯಲ್ಲಿ ಬೇಡ. ಆಲೂಗಡ್ಡೆಯನ್ನು ಕತ್ತಲೆಯಲ್ಲಿಡಿ, ಬೆಳಕಿಗೆ ಹಸಿರಾದ ಭಾಗದಲ್ಲಿ ಸೋಲನೈನ್ ವಿಷ ಸೇರುತ್ತದೆ.

ಹೆಚ್ಚಿಡಬಹುದಾದದ್ದು ಕ್ಯಾರೆಟ್, ಎಲೆಕೋಸು, ಬೀನ್ಸ್ ಮಾತ್ರ, ಅದೂ ಮೂರು ದಿನಕ್ಕೆ. ಸೌತೆ, ಟೊಮೆಟೊ, ಸೊಪ್ಪನ್ನು ಆಯಾ ರಾತ್ರಿಯೇ ಹೆಚ್ಚಿ.

ಅರ್ಧ ಗಂಟೆಯ ಅಡುಗೆ ಎಂದು ಬರೆದಿರುತ್ತಾರೆ, ನಮಗೆ ಒಂದು ಗಂಟೆ ಹಿಡಿಯುತ್ತದೆ. ಯಾಕೆ?

ಆ ಲೆಕ್ಕದಲ್ಲಿ ಹೆಚ್ಚುವ, ತೊಳೆಯುವ ಹೊತ್ತು ಸೇರಿರುವುದಿಲ್ಲ. 'ಹೆಚ್ಚಿದ ಈರುಳ್ಳಿ ಎರಡು' ಎಂದು ಸಾಮಗ್ರಿಯ ಪಟ್ಟಿಯಲ್ಲೇ ಬರೆದುಬಿಟ್ಟಿರುತ್ತಾರೆ. 'ಐದು ನಿಮಿಷದಲ್ಲಿ ಈರುಳ್ಳಿ ಕೆಂಪಗೆ ಹುರಿಯಿರಿ' ಎಂಬುದೂ ಆಗದ ಮಾತು. ಐದು ನಿಮಿಷಕ್ಕೆ ಈರುಳ್ಳಿ ಬರೀ ಬೆವರುತ್ತದೆ.

ನಿಮ್ಮ ಕೈಯಲ್ಲಿರುವುದು ಕೆಲಸದ ಅನುಕ್ರಮ. ಒಳಗೆ ಬಂದ ಕೂಡಲೇ ಅಕ್ಕಿ ತೊಳೆದು ಒಲೆಗೆ ಇಡಿ, ಇನ್ನೊಂದು ಒಲೆಯ ಮೇಲೆ ನೀರು ಕಾಯಲಿ, ಬಟ್ಟೆ ಬದಲಿಸುವುದು ಆಮೇಲೆ. ಯಾವುದು ಹೆಚ್ಚು ಹೊತ್ತು ಬೇಯಬೇಕೋ ಅದನ್ನು ಮೊದಲು ಹೆಚ್ಚಿ ಒಲೆಗೆ ಹಾಕಿ. ಅದು ಬೇಯುತ್ತಿರುವಾಗ ಮುಂದಿನದನ್ನು ಹೆಚ್ಚಿ. ಎಲ್ಲವನ್ನೂ ಹೆಚ್ಚಿ ಮುಗಿಸಿಯೇ ಒಲೆ ಹಚ್ಚುವವರಿಗೆ 15 ನಿಮಿಷ ಸುಮ್ಮನೆ ಹೋಗುತ್ತದೆ.

ಬಾಣಲೆ ತುಂಬ ತುರುಕಿದರೂ ಹೊತ್ತು ಹೋಗುತ್ತದೆ. ಒದ್ದೆ ತರಕಾರಿಯನ್ನು ರಾಶಿ ಹಾಕಿದರೆ ಬಿಸಿ ಇಳಿದು, ನೀರು ಬಿಟ್ಟು, ಹುರಿಯುವ ಬದಲು ಬೇಯತೊಡಗುತ್ತದೆ. 26 ಸೆಂ.ಮೀ. ಬಾಣಲೆಗೆ 500 ಗ್ರಾಂ ತರಕಾರಿಯನ್ನು ಎರಡು ಸರದಿಯಲ್ಲಿ ಹುರಿದರೆ ಒಟ್ಟು ಹೊತ್ತು ಕಡಿಮೆಯೇ.

ಅಳತೆ ಎರಡು ಪಟ್ಟು ಮಾಡಿದಾಗ ರುಚಿ ಕೆಡುವುದೇಕೆ?

ನೀರನ್ನೂ ಎರಡು ಪಟ್ಟು ಹಾಕುತ್ತೀರಿ, ಅದಕ್ಕೆ. ಆವಿಯಾಗಿ ಹೋಗುವ ನೀರು ಪಾತ್ರೆಯ ಅಗಲವನ್ನು ಅವಲಂಬಿಸಿದೆ, ಒಳಗೆ ಎಷ್ಟಿದೆ ಎಂಬುದನ್ನಲ್ಲ. ಅದೇ ಪಾತ್ರೆಯಲ್ಲಾದರೆ ಒಂದೂವರೆ ಪಟ್ಟಿನಿಂದ ಶುರು ಮಾಡಿ, ಬೇಕೆನಿಸಿದರೆ ಸೇರಿಸಿ. ಖಾರ, ಲವಂಗ, ಚಕ್ಕೆಯೂ ಒಂದೂವರೆ ಪಟ್ಟು ಸಾಕು. ಉಪ್ಪನ್ನು ಮುಕ್ಕಾಲು ಭಾಗ ಹಾಕಿ ಕೊನೆಗೆ ರುಚಿ ನೋಡಿ ತುಂಬಿಸಿ. ಈರುಳ್ಳಿ ಹುರಿಯುವ ಹೊತ್ತು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು.

ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಎನ್ನುತ್ತಾರೆ. ಅದು ಹೀರುವುದು ಉಪ್ಪುನೀರನ್ನು. ಉಳಿದ ನೀರಿನ ಉಪ್ಪು ಅಷ್ಟೇ ಇರುತ್ತದೆ. ನೀರು, ಬೆಂದ ಬೇಳೆ, ತರಕಾರಿ ಸೇರಿಸಿ ಒಟ್ಟು ಪ್ರಮಾಣ ಹೆಚ್ಚಿಸುವುದೊಂದೇ ದಾರಿ.

ಮಾಂಸ ತಿನ್ನುವ ಮನೆಗೆ ಬೇರೆ ಯೋಜನೆ ಬೇಕೇ?

ಹಸಿ ಕೋಳಿ ಮತ್ತು ಕೊಚ್ಚಿದ ಮಾಂಸ ಫ್ರಿಜ್‌ನಲ್ಲಿ ಒಂದೆರಡು ದಿನ ಮಾತ್ರ ಉಳಿಯುತ್ತವೆ. ಮೊದಲ ಎರಡು ರಾತ್ರಿಗೆ ಇಟ್ಟುಕೊಂಡು ಉಳಿದದ್ದನ್ನು ತಂದ ದಿನವೇ ಒಂದೊಂದು ರಾತ್ರಿಯ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಿ. ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಸಿಡಿಯುವ ನೀರಿನಿಂದ ಬ್ಯಾಕ್ಟೀರಿಯಾ ತೊಟ್ಟಿ, ಕಟ್ಟೆ, ಪಕ್ಕದ ಸೊಪ್ಪಿನವರೆಗೂ ಹರಡುತ್ತದೆ. ಒಳಗೆ 74 ಡಿಗ್ರಿ ಮುಟ್ಟುವಂತೆ ಬೆಂದರೆ ಅವು ಸಾಯುತ್ತವೆ.

ಖರ್ಚು ಇಳಿಸಲು 400 ಗ್ರಾಂ ಕೊಚ್ಚಿದ ಮಾಂಸಕ್ಕೆ 200 ಗ್ರಾಂ ಬೆಂದ ಬೇಳೆ ಬೆರೆಸಿ. ಗ್ರೇವಿಯಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಉಂಡೆ ಕಟ್ಟುವುದಾದರೆ ಬೇಳೆಯ ನೀರನ್ನು ಪೂರ್ತಿ ಆರಿಸಬೇಕು, ಇಲ್ಲವಾದರೆ ಉಂಡೆ ಒಡೆಯುತ್ತದೆ.

ಮಕ್ಕಳಿಗೆ ಒಂದು, ದೊಡ್ಡವರಿಗೆ ಒಂದು ಎಂದು ಎರಡು ಅಡುಗೆ ಮಾಡಬೇಕಾಗಿದೆ. ತಪ್ಪಿಸುವುದು ಹೇಗೆ?

ಖಾರವನ್ನು ಕೊನೆಗೆ ತಳ್ಳಿ. ಎಲ್ಲರಿಗೂ ಸಪ್ಪೆಯಾಗಿ ಬೇಯಿಸಿ, ಮಕ್ಕಳ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಖಾರದ ಒಗ್ಗರಣೆ ಸುರಿಯಿರಿ. ಎರಡು ನಿಮಿಷದ ಕೆಲಸ. ಬೆರೆಸದೆ ಬಡಿಸುವುದೂ ಒಂದು ದಾರಿ: ಅನ್ನ, ಕಾಳು, ತರಕಾರಿ, ಮೊಟ್ಟೆ ಬೇರೆ ಬೇರೆ ಬಟ್ಟಲಲ್ಲಿಟ್ಟರೆ ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ಹಾಕಿಕೊಳ್ಳುತ್ತಾರೆ. ಹೊಸ ತರಕಾರಿಯನ್ನು ಮಗು ಒಪ್ಪಿಕೊಳ್ಳಲು ಹತ್ತಾರು ಬಾರಿ ನೋಡಿ, ಮುಟ್ಟಿ, ಕಚ್ಚಿ ಬಿಡಬೇಕಾಗಬಹುದು. ಅಷ್ಟರವರೆಗೂ ಒಂದು ಚಮಚದಷ್ಟೇ, ಅದಕ್ಕಿಷ್ಟವಾದುದರ ಪಕ್ಕದಲ್ಲಿ, ಒತ್ತಾಯವಿಲ್ಲದೆ ಬಡಿಸುತ್ತಿರಿ.

ಊಟ ಸಪ್ಪೆ ಎನಿಸುತ್ತದೆ. ಏನು ಕಡಿಮೆ?

ಹೆಚ್ಚಾಗಿ ಹುಳಿ. ಉಪ್ಪು ಸೇರಿಸುವ ಮೊದಲು ಅರ್ಧ ಚಮಚ ನಿಂಬೆರಸ ಹಾಕಿ ನೋಡಿ.

ಏನೂ ಆಗದ ರಾತ್ರಿಗೆ ಮನೆಯಲ್ಲಿ ಏನಿರಬೇಕು?

15 ನಿಮಿಷದಲ್ಲಿ ಮುಗಿಯುವ, ಹಸಿ ತರಕಾರಿ ಬೇಡದ ಎರಡು ಊಟಕ್ಕೆ ಬೇಕಾದ ಸಾಮಾನು. ಉದಾಹರಣೆಗೆ: ಪಾಸ್ತಾ 320 ಗ್ರಾಂ, ಫ್ರೀಜರ್‌ನಲ್ಲಿರುವ ಬುನಾದಿ 200 ಗ್ರಾಂ, ಫ್ರೋಜನ್ ಬಟಾಣಿ 200 ಗ್ರಾಂ. ಅಥವಾ ಮೊಟ್ಟೆ ಆರು, ಈರುಳ್ಳಿ ಎರಡು, ಫ್ರೀಜರ್‌ನ ರೊಟ್ಟಿ. ಪಾಸ್ತಾ ಬೇಯುವ ಕೊನೆಯ ಎರಡು ನಿಮಿಷಕ್ಕೆ ಬಟಾಣಿಯನ್ನೂ ಅದೇ ನೀರಿಗೆ ಹಾಕಿ. ಬಸಿಯುವ ಮೊದಲು ಒಂದು ಲೋಟ ನೀರು ತೆಗೆದಿಡಿ. ಅದರ ಪಿಷ್ಟ ಬುನಾದಿಯನ್ನು ಪಾಸ್ತಾಗೆ ಅಂಟಿಸುತ್ತದೆ.

ಈ ಸಾಮಾನನ್ನು ಬೇರೆ ಡಬ್ಬಿಯಲ್ಲಿಟ್ಟು ಬೇರೆ ಅಡುಗೆಗೆ ಮುಟ್ಟದಿರಿ. ಬಳಸಿದ ಮರುದಿನವೇ ಮತ್ತೆ ತುಂಬಿಸಿ. ಮಾಡುವ ವಿಧಾನವನ್ನು ನಾಲ್ಕು ಸಾಲಿನಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ, ಯಾರು ಮೊದಲು ಮನೆಗೆ ಬಂದರೂ, ಅಡುಗೆಯ ಅಭ್ಯಾಸ ಇಲ್ಲದವರಾದರೂ, ಯಾರನ್ನೂ ಕೇಳದೆ ಒಲೆ ಹಚ್ಚುವಂತಿರಲಿ.